ತುಟಿಮಾತು

ಗಾಜಿನ ಪೆಟ್ಟಿಗೆಯನ್ನು ಇಬ್ಬರು ಸಿಸ್ಟರ್‌ಗಳು ಇಂಚಿಂಚಾಗಿ ತಳ್ಳಿಕೊಂಡು ಹೋಗುತ್ತಿದ್ದರು. ಅವರ ಹಿಂದೆ, ಚಪ್ಪಲಿಗಳನ್ನು ಕಂಕುಳಲ್ಲಿ ಅವುಚಿಕೊಂಡು, ನಗಾರಿ ಬರಿಗಾಲಲ್ಲಿ ನಡೆಯುತ್ತಿದ್ದ. ಚಪ್ಪಲಿ ಬಿಡಿ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ನುಣುಪು ನೆಲಕ್ಕೆ ರಬ್ಬರು ತಾಗಿ ಎಲ್ಲಿ ಕಿರ್ ಎಂದೀತೋ ಎಂದು ತಾನೇ ಹೆದರಿ ಕಳಚಿದ್ದ. ಆಸ್ಪತ್ರೆಯ ಹಳೆಯ ಕಟ್ಟಡ ಮುಗಿದು ಹೊಸದು ಶುರುವಾಗುವಲ್ಲಿ ನೆಲಕ್ಕೆ ಒಂದು ತಗಡಿನ ಪಟ್ಟಿ ಹೊಡೆದಿದ್ದರು. ಗಾಲಿ ಅದನ್ನು ಹತ್ತಿ ಇಳಿಯಿತು, ಪೆಟ್ಟಿಗೆ ಕುಲುಕಿತು, ನಗಾರಿಯ ಜೀವ ಬಾಯಿಗೆ ಬಂತು. ಮೇಲೆ ಹೊದಿಸಿದ ಬಟ್ಟೆಯ ಅಡಿಯಲ್ಲಿ ಮಗಳು ಬೆಚ್ಚಿದಳೋ ಇಲ್ಲವೋ ಕಾಣಿಸಲಿಲ್ಲ. ಅವಳ ಮೈಯಲ್ಲಿ ಆಮ್ಲಜನಕ ಎಷ್ಟಿದೆ ಎಂದು ಹೇಳುವ ನೀಲಿ ಅಂಕಿ ಪುಟ್ಟ ಪರದೆಯ ಮೇಲೆ ಎರಡು ಮೆಟ್ಟಿಲು ಇಳಿದು, ಯೋಚಿಸಿ, ಮತ್ತೆ ಹತ್ತಿ ಕುಳಿತಿತು.

"ಯಾಕ್ರೀ ಬರಿಗಾಲು?" ದೊಡ್ಡ ಸಿಸ್ಟರ್ ತಿರುಗಿ ಕೇಳಿದರು. ಮಕ್ಕಳ ಈ ವಿಭಾಗಕ್ಕೆಲ್ಲ ಅವರೇ ಯಜಮಾನಿ.

ಅವನು ಏನೂ ಇಲ್ಲ ಎನ್ನುವಂತೆ ತಲೆಯಾಡಿಸಿದ.

"ಹಾಕ್ಕೊಳ್ಳಿ. ನಿಮಗೆ ನೆಗಡಿಯಾದ್ರೆ ಒಳಗೆ ಬಿಡಲ್ಲ ನಾನು."

ಅವನು ಚಪ್ಪಲಿ ಮೆಟ್ಟಿಕೊಂಡು ಬೆಕ್ಕಿನ ಹೆಜ್ಜೆಯಲ್ಲಿ ಹಿಂದೆ ಹೋದ.

ನಗಾರಿ ಎಂಬುದು ಮಗ್ಗದ ಶೆಡ್ಡಿನವರು ಇಟ್ಟ ಹೆಸರು. ಕರೆಂಟು ಮಗ್ಗಗಳು ಸಾಲಾಗಿ ಓಡುವ, ಲಾಳಿಗಳು ಅತ್ತಿಂದಿತ್ತ ಬಡಿಯುವ ಆ ಶೆಡ್ಡಿನಲ್ಲಿ ಕೆಲಸದವರಿಗೆ ಎರಡೇ ಭಾಷೆ. ಒಂದು, ಗಂಟಲು ಹರಿಯುವ ಹಾಗೆ ಕೂಗುವುದು. ಇನ್ನೊಂದು, ದನಿಯೇ ಇಲ್ಲದೆ ತುಟಿಗಳನ್ನು ಅಗಲಗಲ ಆಡಿಸಿ ಹೇಳುವುದು. ಅದಕ್ಕೆ ತುಟಿಮಾತು ಎನ್ನುತ್ತಿದ್ದರು. ಕೂಗುವುದರಲ್ಲಿ ಇವನನ್ನು ಮೀರಿಸಿದವರಿಲ್ಲ. ಆಚೆ ತುದಿಯ ಮಗ್ಗದವನಿಗೆ ಇವನು 'ನೂಲು ಹರಿದಿದೆ' ಎಂದು ಕೂಗಿದರೆ ಬೀದಿಯಲ್ಲಿ ಹೋಗುವವರು ತಮ್ಮ ಅಂಗಿ ಮುಟ್ಟಿ ನೋಡಿಕೊಳ್ಳುತ್ತಾರೆ ಎಂಬುದು ಶೆಡ್ಡಿನ ಹಳೆಯ ಜೋಕು.

ತುಟಿಮಾತಿನಲ್ಲಿ ಅವನ ಹೆಂಡತಿಯ ಕೈ ಮೇಲು. ಅವಳು ಅದೇ ಶೆಡ್ಡಿನ ಮೂಲೆಯಲ್ಲಿ ಯಂತ್ರದ ಮುಂದೆ ಕೂತು ಲಾಳಿಯೊಳಗೆ ಕೂರುವ ಕಂಡಿಕೆಗಳಿಗೆ ನೂಲು ಸುತ್ತುತ್ತಿದ್ದಳು. ಆ ಗದ್ದಲದಲ್ಲಿ ತನ್ನ ಯಂತ್ರದ ಸದ್ದು ತನಗೇ ಕೇಳಿಸದು. ಅದು ಸರಿಯಾಗಿ ಓಡುತ್ತಿದೆಯೋ ಇಲ್ಲವೋ ತಿಳಿಯಲು ಆಗಾಗ ಅಂಗೈಯನ್ನು ಅದರ ಮೈಗೆ ಒತ್ತಿ ನೋಡುವುದು ಅವಳ ರೂಢಿ. ಇವರ ಪ್ರೀತಿ, ಜಗಳ, ರಾಜಿ ಎಲ್ಲ ಓಡುವ ಮಗ್ಗಗಳ ಮೇಲಿಂದಲೇ ಆಗಿಹೋಗಿತ್ತು. ಮದುವೆಯಾದ ಮೇಲೆ ಜನರೆದುರು ಅವಳು ಅವನಿಗೆ 'ನೀವು, ಬನ್ನಿ' ಎನ್ನುವಳು. ತುಟಿಮಾತಿನಲ್ಲಿ ಮಾತ್ರ 'ನೀನು, ಬಾ'. ಕೇಳಿಸದ ಮಾತಿಗೆ ಮರ್ಯಾದೆ ಯಾಕೆ ದಂಡ ಎಂಬುದು ಅವಳ ವಾದ.

ಇಂಥ ಗಂಟಲಿನವನು ಈಗ ಬಾಯಿಗೆ ಬೀಗ ಹಾಕಿಕೊಂಡಿದ್ದ. ಅದಕ್ಕೆ ಕಾರಣ ಅವನೊಬ್ಬನಿಗೇ ಗೊತ್ತಿತ್ತು.

ಮಗಳು ದಿನ ತುಂಬುವ ಬಹಳ ಮುಂಚೆಯೇ ಹುಟ್ಟಿದ್ದಳು. ಮೈ ಎಂದರೆ ಒಂದು ಹಿಡಿ ಕಂಡಿಕೆಗಳ ತೂಕ. ಹೆಂಡತಿಗೆ ಹೊಲಿಗೆ ಹಾಕಿದ ಗಾಯ ಕೀವಾಗಿ ಜ್ವರ ಏರಿತು. ಜ್ವರ ಪೂರ್ತಿ ಇಳಿಯುವ ತನಕ ಮಗುವಿನ ಹತ್ತಿರ ಬಿಡುವಂತಿಲ್ಲ ಎಂದು ಅವಳನ್ನು ಮೇಲಿನ ಮಹಡಿಯಲ್ಲಿ ಮಲಗಿಸಿದರು. ಹಾಗಾಗಿ ಮಗಳ ಮುಖವನ್ನು ಮೊದಲು ನೋಡಿದವನು, ಪಾಳಿಯಿಂದ ನೇರ ಓಡಿಬಂದ, ತಲೆಗೂದಲಿನಲ್ಲಿ ಇನ್ನೂ ಹತ್ತಿಯ ಧೂಳಿದ್ದ ನಗಾರಿ.

ಆಗ ಮಕ್ಕಳೆಲ್ಲ ಹಳೆಯ ಕಟ್ಟಡದಲ್ಲಿ ಒಂದೇ ಹಾಲ್‌ನಲ್ಲಿದ್ದರು. ಗಾಜಿನ ಪೆಟ್ಟಿಗೆಗಳು ಒಂದರ ಪಕ್ಕ ಒಂದು. ಹಗಲು ರಾತ್ರಿ ಎನ್ನದೆ ಉರಿಯುವ ಟ್ಯೂಬ್‌ಲೈಟು; ಮಕ್ಕಳ ಕಣ್ಣಿಗೆ ಮಡಿಸಿದ ಬಟ್ಟೆಯ ತುಂಡು. ಬಡಿದುಕೊಳ್ಳುವ ಬಾಗಿಲು, ನಲ್ಲಿಯ ತೊಟ್ಟಿ, ಫೋನು, ಕಸದ ಬುಟ್ಟಿಯ ಮುಚ್ಚಳ, ಒಂದು ನಿಂತರೆ ಇನ್ನೊಂದು ಹೊಡೆದುಕೊಳ್ಳುವ ಯಂತ್ರದ ಗಂಟೆಗಳು. ನಗಾರಿಗೆ ಅದು ಬಹಳ ಪ್ರಶಾಂತವಾದ ಜಾಗ ಎನ್ನಿಸಿತ್ತು. ಶೆಡ್ಡಿನಿಂದ ಬಂದವನಿಗೆ ಇನ್ನೇನು ಅನ್ನಿಸಬೇಕು? ಪೆಟ್ಟಿಗೆಯ ಕಿಂಡಿಗೆ ಬಾಗಿ, ತನ್ನ ಮಟ್ಟಿಗೆ ಮೆಲ್ಲಗೆಯೇ, "ಬಂದ್ಯಾ ಪುಟ್ಟೀ?" ಎಂದ.

ಮಗು ಎರಡೂ ಕೈಗಳನ್ನು ಚೆಲ್ಲಿ ಬೆಚ್ಚಿತು. ಮುಖ ಬೂದಿ ಬಣ್ಣಕ್ಕೆ ತಿರುಗಿತು. ನೀಲಿ ಅಂಕಿ ಜಾರತೊಡಗಿತು, ಗಂಟೆ ಹೊಡೆದುಕೊಂಡಿತು. ಚಿಕ್ಕ ವಯಸ್ಸಿನ ಒಬ್ಬ ಸಿಸ್ಟರ್ ಓಡಿಬಂದು ಅವನನ್ನು ಪಕ್ಕಕ್ಕೆ ಸರಿಸಿ ಮಗುವಿನ ಬೆನ್ನು ಸವರಿದಳು. "ಇದು ನಿಮ್ಮ ಮಗ್ಗದ ಶೆಡ್ಡಲ್ಲ ಕಣ್ರೀ. ನೋಡಿ, ಹೆದರಿ ಉಸಿರೇ ನಿಲ್ಲಿಸಿಬಿಡ್ತು," ಎಂದಳು. ಅವಳು ಅದನ್ನು ಮರುಕ್ಷಣವೇ ಮರೆತಳು. ಅಂಥವು ಆ ಹಾಲ್‌ನಲ್ಲಿ ದಿನಕ್ಕೆ ಎಷ್ಟೋ ಆಗುತ್ತಿದ್ದವು. ನಗಾರಿ ಮರೆಯಲಿಲ್ಲ. ತನ್ನ ಒಂದು ಮಾತಿಗೆ ಮಗಳು ಸಾಯಲು ಹೊರಟಿದ್ದಳು ಎಂಬುದು ಅವನ ಎದೆಯಲ್ಲಿ ಮೊಳೆ ಹೊಡೆದ ಹಾಗೆ ಕೂತಿತು. ಹೆಂಡತಿಗೂ ಹೇಳಲಿಲ್ಲ.

ಹೊಸ ವಿಭಾಗದಲ್ಲಿ ಮಗುವಿಗೊಂದು ಕೋಣೆ. ಬಾಗಿಲಿಗೆ ದೊಡ್ಡ ಗಾಜು, ಮುಚ್ಚಿತೋ ಇಲ್ಲವೋ ಎಂದು ತಿರುಗಿ ನೋಡಬೇಕು, ಅಷ್ಟು ಮೌನ. ಕಿಟಕಿಗೆ ದಪ್ಪ ಪರದೆ. ಹಗಲಿಗೆ ಇಷ್ಟು, ಸಂಜೆಗೆ ಇಷ್ಟು ಎಂದು ಬೆಳಕನ್ನು ಗುಂಡಿ ತಿರುಗಿಸಿ ಅಳೆದು ಬಿಡುತ್ತಿದ್ದರು. ಚಾವಣಿಯ ಹಲಗೆಗಳಲ್ಲಿ ಸದ್ದು ಹೀರಿಕೊಳ್ಳಲು ಸೂಜಿ ಚುಚ್ಚಿದಂಥ ತೂತುಗಳು. ಗಂಟೆಯೂ ಇಲ್ಲ: ಪರದೆಯ ಮೇಲೆ ಹಳದಿ ದೀಪ ಮಿನುಗುತ್ತದೆ, ಸಿಸ್ಟರ್‌ಗಳ ಸೊಂಟದಲ್ಲಿರುವ ಯಂತ್ರ ನಡುಗುತ್ತದೆ, ಅಷ್ಟೇ. ಎಲ್ಲಕ್ಕಿಂತ ಅವನನ್ನು ಹೆದರಿಸಿದ್ದು ಗೋಡೆಗೆ ತಗುಲಿಹಾಕಿದ್ದ, ಕಿವಿಯ ಆಕಾರದ ಒಂದು ದೀಪ. ಕೋಣೆ ಶಾಂತವಾಗಿದ್ದರೆ ಆ ಕಿವಿ ಹಸಿರು, ಸದ್ದು ಏರಿದರೆ ಹಳದಿ, ಮಿತಿ ಮೀರಿದರೆ ಕೆಂಪು. ಗೋಡೆಗೂ ಕಿವಿಯಿದೆ ಎಂದು ಅವನು ಕೇಳಿದ್ದ. ಕಣ್ಣಾರೆ ಕಂಡದ್ದು ಈಗ. ಮೊದಲ ದಿನ ಅವನಿಗೆ ಒಂದು ಕೆಮ್ಮು ಬಂತು, ಕಿವಿ ಹಳದಿಯಾಯಿತು. ಅಂದಿನಿಂದ ಅವನು ಕೆಮ್ಮಬೇಕಾದರೆ ಓಣಿಗೆ ಓಡುತ್ತಿದ್ದ.

ಇಲ್ಲಿಗೆ ಬಂದ ಮೇಲೆಯೇ ಹಳೆಯ ಹಾಲ್ ಎಷ್ಟು ಗದ್ದಲದ್ದಾಗಿತ್ತು ಎಂಬುದು ಅವನಿಗೆ ತಿಳಿದದ್ದು. ಅಲ್ಲಿ ಅವನ ಸದ್ದು ಹತ್ತರಲ್ಲಿ ಹನ್ನೊಂದನೆಯದು. ಇಲ್ಲಿ ಏನು ಸದ್ದಾದರೂ ಅದು ಅವನದೇ. ಉಗುಳು ನುಂಗಿದರೂ ತನಗೇ ಕೇಳಿಸುತ್ತಿತ್ತು.

ಅತ್ತೆ, ಅಂದರೆ ಹೆಂಡತಿಯ ತಾಯಿ, ಒಂದು ಮಧ್ಯಾಹ್ನ ಬಂದು ಬಾಗಿಲಿನ ಗಾಜಿಗೆ ಮೂಗು ಒತ್ತಿ ನೋಡಿ, ಅವನನ್ನು ಓಣಿಗೆ ಕರೆದರು. "ಇದೇನು ಅಳಿಯಂದ್ರೇ, ಹಗಲೇ ಕತ್ತಲೆ ಮಾಡಿಟ್ಟಿದ್ದಾರೆ? ಒಳ್ಳೆ ಹಣ್ಣು ಮಾಗೋಕೆ ಇಟ್ಟ ಹಾಗೆ. ಮಕ್ಕಳು ಅಂದ್ರೆ ನಾಲ್ಕು ಜನರ ಗಲಾಟೆಯಲ್ಲಿ ಬೆಳೀಬೇಕು."

"ಮಾಗಲಿ ಅಂತಲೇ ಇಟ್ಟಿರೋದು ಅಮ್ಮಾ," ಎಂದರು ಅಲ್ಲೇ ಹಾದುಹೋಗುತ್ತಿದ್ದ ದೊಡ್ಡ ಸಿಸ್ಟರ್. "ಇನ್ನೂ ಹೊಟ್ಟೆಯಲ್ಲೇ ಇರಬೇಕಾದ ಮಗು ಅದು."

ಅದೇ ದಿನ ಅವರು ನಗಾರಿಯನ್ನು ಒರಗುಕುರ್ಚಿಯಲ್ಲಿ ಕೂರಿಸಿ, ಅಂಗಿಯ ಗುಂಡಿ ಬಿಚ್ಚಿಸಿ, ಮಗಳನ್ನು ಅವನ ಬರಿಯ ಎದೆಯ ಮೇಲೆ ಮಲಗಿಸಿದರು. ಕಪ್ಪೆಮರಿಯ ಹಾಗೆ ಕಾಲು ಮಡಿಸಿಕೊಂಡು, ಟೋಪಿಯ ಅಡಿಯ ಕಿವಿಯನ್ನು ಅವನ ಎದೆಗೆ ಒತ್ತಿಕೊಂಡು, ಅವಳು ಬಿಸಿಯಾಗಿ ಅಂಟಿಕೊಂಡಳು. ಸಂತೋಷಕ್ಕಿಂತ ಮೊದಲು ಅವನಿಗೆ ಭಯವಾಯಿತು. ತನ್ನ ಎದೆ ಇಷ್ಟು ಜೋರಾಗಿ ಹೊಡೆದುಕೊಳ್ಳುತ್ತಿದೆಯಲ್ಲ, ಅದಕ್ಕೂ ಇವಳು ಬೆಚ್ಚಿದರೆ ಏನು ಗತಿ ಎಂದು.

"ಇನ್ನು ಮಾತಾಡಿಸಿ," ಎಂದರು ದೊಡ್ಡ ಸಿಸ್ಟರ್.

ಅವನು ಕಣ್ಣು ಬಿಟ್ಟು ನೋಡಿದ.

"ಹೌದ್ರೀ, ಮಾತು. ಹಳೇ ಹಾಲ್‌ನಲ್ಲಿ ಸದ್ದು ಸದ್ದು ಅಂತ ವರ್ಷಗಟ್ಟಲೆ ಬಾಯಿ ಬಡ್ಕೊಂಡವಳು ನಾನು. ಇದನ್ನ ಕಟ್ಟೋವಾಗ ಕಸದ ಬುಟ್ಟಿಯ ಮುಚ್ಚಳಕ್ಕೂ ಜಗಳ ಆಡಿದ್ದೀನಿ. ಸದ್ದೇನೋ ಹೋಯ್ತು. ಅದರ ಹಿಂದೆ ಮಾತೂ ಹೋಯ್ತು ನೋಡಿ. ಅಲ್ಲಿ ಪಕ್ಕದ ಮಗುವಿನ ಅಮ್ಮ ಏನೋ ಹಾಡಿದ್ರೆ ಇವಳ ಕಿವಿಗೂ ಒಂದು ಚೂರು ಬೀಳ್ತಿತ್ತು. ಇಲ್ಲಿ ಮನೆಯವರು ಬಾಯಿ ಬಿಟ್ರೆ ಉಂಟು, ಇಲ್ಲದಿದ್ರೆ ಇಲ್ಲ. ತೀರಾ ಮೌನವೂ ಒಳ್ಳೇದಲ್ಲ ಮಕ್ಕಳಿಗೆ. ಅಮ್ಮ ಬರೋ ಹಾಗಿಲ್ಲ. ಅಂದಮೇಲೆ ನೀವೇ."

"ಬೆಚ್ಚಿದ್ರೆ?" ಅವನ ಬಾಯಿಂದ ಬರೀ ಗಾಳಿ ಬಂತು.

"ಮೆಲ್ಲಗೆ ಮಾತಾಡಿ. ಬೆಚ್ಚಲ್ಲ."

ಮೆಲ್ಲಗೆ ಎಂಬ ವಸ್ತುವೇ ಅವನ ಗಂಟಲಿನ ಅಂಗಡಿಯಲ್ಲಿ ಇರಲಿಲ್ಲ. ಕೂಗು ಇತ್ತು, ಇಲ್ಲವೇ ತುಟಿಮಾತು ಇತ್ತು. ನಡುವಿನದ್ದನ್ನು ಅವನಿಗೆ ಯಾರೂ ಕಲಿಸಿರಲಿಲ್ಲ. ಸಿಸ್ಟರ್ ಹೊರಗೆ ಹೋದ ಮೇಲೆ ಗಂಟಲು ಸರಿಮಾಡಿಕೊಳ್ಳಲು ಒಂದು "ಹ್ಞೂಂ" ಎಂದ. ಗೋಡೆಯ ಕಿವಿ ಹಳದಿಗೆ ತಿರುಗಿತು. ಅವನು ತಟ್ಟನೆ ಬಾಯಿ ಮುಚ್ಚಿದ. ಆಮೇಲೆ, ಬೇರೆ ದಾರಿ ಕಾಣದೆ, ತನಗೆ ಗೊತ್ತಿದ್ದ ಇನ್ನೊಂದು ಭಾಷೆಯಲ್ಲಿ ಶುರುಮಾಡಿದ. ತುಟಿ ಅಗಲಿಸಿ, ದನಿ ಬಿಡದೆ, ಮಗಳಿಗೆ ಎಲ್ಲವನ್ನೂ ಹೇಳಿದ. ಮಗ್ಗದ ವಿಷಯ, ಮನೆಯ ವಿಷಯ, ಅವಳಮ್ಮ ಕಂಡಿಕೆ ಸುತ್ತುತ್ತಾ ತನ್ನನ್ನು ಮೊದಲ ಸಲ ಪೆದ್ದ ಎಂದು ಬೈದ ವಿಷಯ. ಕೊನೆಗೆ ಪ್ರತಿಸಲ ಒಂದೇ ಮಾತು: ಹೆದರಿಸಲ್ಲ ಪುಟ್ಟೀ, ಇನ್ನು ಹೆದರಿಸಲ್ಲ. ಕಿವಿ ಹಸಿರಾಗಿಯೇ ಇತ್ತು.

ದಿನಗಳು ಹೀಗೆ ಹೋದವು. ಶೆಡ್ಡಿನ ಮಾಲೀಕನಿಂದ ಬೈಸಿಕೊಂಡು ರಜೆ ಪಡೆದ ನಗಾರಿ ಬೆಳಗ್ಗೆಯಿಂದ ಸಂಜೆಯ ತನಕ ಆ ಕುರ್ಚಿಯಲ್ಲೇ ಇರುತ್ತಿದ್ದ. ಓಣಿಯಲ್ಲಿ ಓಡಾಡುವ ಸಿಸ್ಟರ್‌ಗಳು ಗಾಜಿನಿಂದ ಅವನ ಬಾಯಿ ಆಡುವುದನ್ನು ನೋಡಿ, ಅಪ್ಪ ಅಂದ್ರೆ ಹೀಗಿರಬೇಕು ಎಂದು ಬೇರೆ ಅಪ್ಪಂದಿರಿಗೆ ಹೇಳಿ ಅವರ ಹೊಟ್ಟೆ ಉರಿಸಿದರು. ಮಗು ಮಾತ್ರ ದಿನಕ್ಕೆ ಹಲವು ಸಲ ಉಸಿರಾಡುವುದನ್ನೇ ಮರೆತುಬಿಡುತ್ತಿತ್ತು. ಅವಸರದಲ್ಲಿ ಹುಟ್ಟಿದ ಮಕ್ಕಳಿಗೆ ಆ ಮರೆವು ಇದ್ದದ್ದೇ, ಯಾರಾದರೂ ನೆನಪು ಮಾಡಬೇಕು, ಬೆಳೆದ ಹಾಗೆ ಹೋಗುತ್ತದೆ ಎಂದು ದೊಡ್ಡ ಸಿಸ್ಟರ್ ಹೇಳಿದ್ದರು. ಹಳದಿ ದೀಪ ಮಿನುಗುವುದು, ಸಿಸ್ಟರ್ ಬಂದು ಅಂಗಾಲು ತಿಕ್ಕುವುದು, ಮಗು ಮುಲುಗಿ ಉಸಿರೆಳೆಯುವುದು. ಪ್ರತಿಸಲವೂ ನಗಾರಿ ತಾನು ಏನು ಸದ್ದು ಮಾಡಿದೆ ಎಂದು ಲೆಕ್ಕ ಹಾಕುತ್ತಿದ್ದ.

ಸಂಜೆ ಮೇಲಿನ ಮಹಡಿಗೆ ಹೋದರೆ ಹೆಂಡತಿಯದು ಒಂದೇ ಪ್ರಶ್ನೆ. "ಮಾತಾಡಿಸ್ತೀರಾ ಅವಳನ್ನ?"

"ಇಡೀ ದಿನ."

"ಅಮ್ಮನೂ ಹೇಳಿದ್ರು, ಮತ್ತೆ ಬಂದಾಗ ಗಾಜಿನಿಂದ ನೋಡಿದ್ರಂತೆ." ಅವಳು ಸೆರಗಿನಿಂದ ಕಣ್ಣೊತ್ತಿಕೊಂಡಳು. "ಹೊಟ್ಟೆಯಲ್ಲಿದ್ದಾಗ ಅಷ್ಟು ಹರಟಿದ್ದೆ ಅವಳ ಜೊತೆ. ನನ್ನ ದನಿ ಮರೆತೇ ಹೋಗಿರುತ್ತೆ ಈಗ. ನಿಮ್ಮದಾದ್ರೂ ಇದೆಯಲ್ಲ."

ನಗಾರಿ ಅವಳ ಹಣೆಯ ಮೇಲೆ ಕೈಯಿಟ್ಟು ಜ್ವರ ನೋಡುವ ನೆಪದಲ್ಲಿ ಮುಖ ತಿರುಗಿಸಿಕೊಂಡ. ತಾನು ಸುಳ್ಳು ಹೇಳಿರಲಿಲ್ಲ. ಆದರೂ ಕಳ್ಳನ ಹಾಗೆ ಬೆವರಿದ.

ಜ್ವರ ಒಂದಿಷ್ಟು ಇಳಿದಾಗ ಅವಳು ಹಟ ಹಿಡಿದಳು. ಒಳಗೆ ಬೇಡ, ಬಾಗಿಲಿನ ಆಚೆಯಿಂದಲೇ ನೋಡುತ್ತೇನೆ ಎಂದಳು. ದೊಡ್ಡ ಸಿಸ್ಟರ್ ತಾವೇ ಅವಳನ್ನು ಗಾಲಿಕುರ್ಚಿಯಲ್ಲಿ ಕೂರಿಸಿ, ಮೂಗುಬಾಯಿಗೆ ಬಟ್ಟೆ ಕಟ್ಟಿಸಿ, ತಳ್ಳಿಕೊಂಡು ಬಂದು ಗಾಜಿನ ಮುಂದೆ ನಿಲ್ಲಿಸಿದರು. "ನೋಡಿ ನಿಮ್ಮ ಯಜಮಾನರನ್ನ. ಬಾಯಿಗೆ ಬಿಡುವೇ ಇಲ್ಲ," ಎಂದರು.

ನಗಾರಿ ಮಗಳನ್ನು ಎದೆಗೆ ಹಚ್ಚಿಕೊಂಡು ಕೂತಿದ್ದ. ಹೆಂಡತಿಯನ್ನು ನೋಡಿದ್ದೇ ತಡ, ಅವನ ತುಟಿಗಳು ನಿಂತವು. ಅವಳು ಮೊದಲು ಮಗಳನ್ನು ನೋಡಿದಳು. ಟೋಪಿ, ಬಟ್ಟೆಯಿಂದ ಹೊರಗೆ ಬಂದಿದ್ದ ಒಂದು ಪುಟ್ಟ ಹಿಮ್ಮಡಿ, ಕಂಡದ್ದು ಅಷ್ಟೇ. ಅಷ್ಟನ್ನೇ ಬಹಳ ಹೊತ್ತು ನೋಡಿದಳು. ಮತ್ತೆ ಅವನ ಕಡೆಗೆ ಕೈಯಾಡಿಸಿ ಮಾತು ಮುಂದುವರಿಸು ಎಂದು ಸನ್ನೆ ಮಾಡಿದಳು. ಅವನು ಮಗಳ ಟೋಪಿಯ ಮೇಲೆ ಬಾಗಿ, ಅಮ್ಮ ಬಂದಿದ್ದಾಳೆ ಪುಟ್ಟೀ ಎಂದ.

ಅವಳ ಹುಬ್ಬು ಗಂಟಾಯಿತು. ದನಿಯಿರುವ ಮಾತಿಗೆ ತುಟಿ ಅಷ್ಟು ಅಗಲ ಹಿಗ್ಗುವುದಿಲ್ಲ. ಅದು ಶೆಡ್ಡಿನ ಅಗಲ. ಬೇರೆ ಯಾರ ಕಣ್ಣಿಗೂ ಬೀಳದ ಆ ವ್ಯತ್ಯಾಸ ಅವಳಿಗೆ ಹಗಲಿನಷ್ಟು ಸ್ಪಷ್ಟವಿತ್ತು. ಬಾಯಿಯ ಬಟ್ಟೆಯನ್ನು ಗಲ್ಲಕ್ಕೆ ಎಳೆದುಕೊಂಡು ಅವಳು ಗಾಜಿಗೆ ಬಾಗಿದಳು.

"ದನಿ ಎಲ್ಲಿ?" ಎಂದವು ಅವಳ ತುಟಿಗಳು.

ಅವನು ಮಗಳ ಟೋಪಿ ಸರಿಮಾಡತೊಡಗಿದ.

"ನಿನ್ನನ್ನೇ ಕೇಳ್ತಿರೋದು. ಮೊದಲಿಂದ ಹೀಗೇನಾ?"

"ಹ್ಞೂಂ," ಎಂದ ಅವನು, ತುಟಿಯಲ್ಲಿ.

"ನನಗೆ ಇಡೀ ದಿನ ಮಾತಾಡ್ತೀನಿ ಅಂದೆ."

"ಮೊದಲ ದಿನ ಕರೆದಿದ್ದೆ. ಸತ್ತೇ ಹೋಗ್ತಿದ್ದಳು. ನನ್ನ ದನಿಗೆ." ಇಷ್ಟು ದಿನ ಗಂಟಲಲ್ಲಿ ಸಿಕ್ಕಿಕೊಂಡಿದ್ದದ್ದು ಗಾಜಿನ ಈಚೆಯಿಂದ, ಸದ್ದಿಲ್ಲದೆ, ಹೊರಗೆ ಬಿತ್ತು. ಅವನ ಕಣ್ಣು ತುಂಬಿಕೊಂಡಿತು.

ಅವಳ ಸಿಟ್ಟು ಇಳಿದಿತ್ತು. "ಪೆದ್ದ. ಅವಳು ಕಣ್ಣು ಮುಚ್ಚಿಕೊಂಡು ಮಲಗಿದ್ದಾಳೆ. ಈ ಮಬ್ಬಿನಲ್ಲಿ ನಿನ್ನ ತುಟಿ ಹ್ಯಾಗೆ ಕಾಣುತ್ತೆ ಅವಳಿಗೆ?"

ಅವನು ಅದನ್ನು ಯೋಚಿಸಿಯೇ ಇರಲಿಲ್ಲ. ಹೇಳಿದ ಮಾತುಗಳಲ್ಲಿ ಒಂದೂ ಮಗಳನ್ನು ಮುಟ್ಟಿರಲಿಲ್ಲ. ಇಷ್ಟು ದಿನ ಮಗಳು ಯಾರೂ ಇಲ್ಲದ ಕೋಣೆಯಲ್ಲಿ ಬೆಳೆಯುತ್ತಿದ್ದಳು.

"ನಾನು ಒಳಗೆ ಬರೋ ಹಾಗಿಲ್ಲ," ಎಂದಳು ಅವಳು. "ನೀನಿದ್ದೀಯ. ದನಿ ತೆಗಿ."

"ಆಗಲ್ಲ."

"ತೆಗಿ."

"ಆಗಲ್ಲ ಕಣೇ."

ದೊಡ್ಡ ಸಿಸ್ಟರ್ ಇಬ್ಬರನ್ನೂ ಬದಲಾಯಿಸಿ ಬದಲಾಯಿಸಿ ನೋಡುತ್ತಿದ್ದರು. ಗಂಡ ಹೆಂಡಿರ ಜಗಳವೊಂದು ತಮ್ಮ ಮೂಗಿನ ಕೆಳಗೇ ನಡೆಯುತ್ತಿದ್ದು, ಅದರಲ್ಲಿ ಒಂದಕ್ಷರವೂ ತಮ್ಮ ಕಿವಿಗೆ ಬೀಳುತ್ತಿಲ್ಲ ಎಂಬುದು ಅವರಿಗೆ ಅಭ್ಯಾಸವಿರಲಿಲ್ಲ. ಅಷ್ಟರಲ್ಲಿ ಅವರ ಕೈ ಸೊಂಟದ ಯಂತ್ರಕ್ಕೆ ಹೋಯಿತು.

ನಗಾರಿಗೆ ಅದು ಮೊದಲೇ ತಿಳಿದಿತ್ತು. ಅವನ ಎದೆಯ ಮೇಲೆ ಏರಿಳಿಯುತ್ತಿದ್ದ ಸಣ್ಣ ಬೆನ್ನು ನಿಂತಿತ್ತು. ಅವನು ಕಾದ. ಅದು ಏಳಲಿಲ್ಲ. ಪರದೆಯ ಮೇಲೆ ಹಳದಿ ದೀಪ ಮಿನುಗಿತು, ನೀಲಿ ಅಂಕಿ ಒಂದೊಂದೇ ಮೆಟ್ಟಿಲು ಇಳಿಯತೊಡಗಿತು. ಗಾಜಿನ ಆಚೆ ಹೆಂಡತಿಯ ತುಟಿಗಳು ಅಗಲವಾಗಿ, ಮತ್ತೆ ಮತ್ತೆ, ಒಂದೇ ಮಾತು ಹೇಳುತ್ತಿದ್ದವು. ಕರಿ. ಅವಳನ್ನ ಕರಿ.

"ಪುಟ್ಟೀ."

ದಿನಗಟ್ಟಲೆ ಮುಚ್ಚಿದ್ದ ಗಂಟಲಿನಿಂದ, ನೆನೆದ ನಗಾರಿಯ ಹಾಗೆ, ಒಡೆದು ಬಂತು ದನಿ. ಗೋಡೆಯ ಕಿವಿ ಹಸಿರಿನಿಂದ ನೇರ ಕೆಂಪಿಗೆ ಹಾರಿತು. ಮಗು ಕೈಗಳನ್ನು ಚೆಲ್ಲಿ ಬೆಚ್ಚಿತು. ಒಳಗೆ ಬಂದಿದ್ದ ದೊಡ್ಡ ಸಿಸ್ಟರ್ ಕೈಗೆ ಔಷಧಿ ನೀರು ತಿಕ್ಕಿಕೊಂಡವರೇ ಅದೇ ಗಳಿಗೆಯಲ್ಲಿ ಅದರ ಅಂಗಾಲು ತಿಕ್ಕಿದರು. ಮಗು ಮುಖ ಹಿಂಡಿ, ಒಂದು ದೊಡ್ಡ ಉಸಿರನ್ನು ಎಳೆದುಕೊಂಡಿತು. ಆದರೂ ಅಂಕಿ ಇಳಿಯುತ್ತಲೇ ಇತ್ತು.

"ಅದು ಸ್ವಲ್ಪ ತಡವಾಗಿ ಏರುತ್ತೆ. ನಿಲ್ಲಿಸ್ಬೇಡಿ," ಎಂದರು ಸಿಸ್ಟರ್.

"ಇಲ್ಲೇ ಇದ್ದೀನಿ ಪುಟ್ಟೀ. ಅಪ್ಪ. ನಾನು ಅಪ್ಪ. ಅಮ್ಮನೂ ಇದ್ದಾಳೆ, ಬಾಗಿಲ ಆಚೆ ಕೂತಿದ್ದಾಳೆ, ಪೆದ್ದ ಅಂತ ಬೈತಿದ್ದಾಳೆ…" ಅವನು ಕಣ್ಣು ಮುಚ್ಚಿಕೊಂಡ. ಅಂಕಿಯನ್ನು ನೋಡಿದರೆ ದನಿ ನಿಂತುಹೋಗುತ್ತಿತ್ತು. ಏನು ಹೇಳುತ್ತಿದ್ದೇನೆ ಎಂಬುದೂ ತಿಳಿಯದೆ ಹೇಳುತ್ತಲೇ ಇದ್ದ. ಕಣ್ಣು ಬಿಟ್ಟಾಗ ಅಂಕಿ ಮೇಲೆ ಹತ್ತಿ ತನ್ನ ಜಾಗದಲ್ಲಿ ಕುಳಿತಿತ್ತು.

"ಅಂಗಾಲು ತಿಕ್ಕಿದ್ದಕ್ಕಾ, ದನಿಗಾ?" ಎಂದು ಕೇಳಿದ.

"ಯಾರಿಗ್ಗೊತ್ತು?" ಎಂದರು ದೊಡ್ಡ ಸಿಸ್ಟರ್. ಕೆಂಪು ಕಿವಿಯ ಕಡೆಗೊಮ್ಮೆ, ಅವನ ಕಡೆಗೊಮ್ಮೆ ನೋಡಿದರು. ಅಂಗೈಯನ್ನು ಕೆಳಮುಖ ಮಾಡಿ, ದನಿಯನ್ನು ಇಳಿಸಿ, ಇನ್ನೂ ಇಳಿಸಿ ಎಂದು ತೋರಿಸಿ, ಬಂದಷ್ಟೇ ಮೆಲ್ಲಗೆ ಹೊರಗೆ ಹೋದರು.

ಅವನು ಇಳಿಸಿದ. ಗಂಟಲಿನಲ್ಲಿ ಸಿಗದ ಮೆಲುದನಿ ಎದೆಯ ತಳದಲ್ಲಿ ಎಲ್ಲೋ ಇತ್ತು. ಅದು ಹೊರಗೆ ಬರುತ್ತಿದ್ದ ಹಾಗೆ ಅವನ ಎದೆ ಸಣ್ಣಗೆ ನಡುಗಿತು, ಅದರ ಮೇಲೆ ಒತ್ತಿದ್ದ ಮಗಳ ಕೆನ್ನೆಯೂ ನಡುಗಿತು. ಕಿವಿ ಕೆಂಪಿನಿಂದ ಹಳದಿಗೆ ಬಂದು, ಅಲ್ಲೇ ನಿಂತಿತು. ಮಗು ಬೆಚ್ಚಲಿಲ್ಲ. ಚೆಲ್ಲಿದ್ದ ಕೈಗಳನ್ನು ಒಂದೊಂದಾಗಿ ಎಳೆದುಕೊಂಡು ಅವನ ಎದೆಯ ಮೇಲೆ ಬೆರಳು ಬಿಚ್ಚಿ ಮಲಗಿತು.

ಗಾಜಿನ ಆಚೆ ಹೆಂಡತಿ ಅವನ ಬಾಯನ್ನೇ ನೋಡುತ್ತಿದ್ದಳು. ದನಿ ಬಂದ ಮೇಲೆ ಅವನ ತುಟಿಗಳು ಕಿರಿದಾಗಿದ್ದವು. ಅವಳಿಗೆ ಒಂದು ಮಾತೂ ಸಿಗುತ್ತಿರಲಿಲ್ಲ.

"ಏನು ಹೇಳ್ತಿದ್ದೀಯಾ?" ಎಂದು ತುಟಿಯಲ್ಲಿ ಕೇಳಿದಳು.

ಉತ್ತರ ಕೊಡಲು ಅವನು ತುಟಿ ಅಗಲಿಸಿದ. ಜೊತೆಗೆ ದನಿಯೂ ಬಂತು, ಮಗಳ ಕಡೆಗೇ ಹೋಯಿತು.

ಅವಳು ಮತ್ತೆ ಕೇಳಲಿಲ್ಲ. ಗಾಲಿಕುರ್ಚಿಯಲ್ಲಿ ಮುಂದಕ್ಕೆ ಜರುಗಿ ಕೂತು, ಶೆಡ್ಡಿನಲ್ಲಿ ತನ್ನ ಯಂತ್ರ ಓಡುತ್ತಿದೆಯೋ ಇಲ್ಲವೋ ನೋಡುವಾಗ ಒತ್ತುತ್ತಿದ್ದ ಹಾಗೆ, ಅಂಗೈಯನ್ನು ಬಾಗಿಲಿನ ಗಾಜಿಗೆ ಒತ್ತಿ ಹಿಡಿದಳು.